ಮನವಿ ಕೊಟ್ಟದ್ದು ಸಾಕು, ಪ್ರಶ್ನೆ ಬರೆಯೋಣ



ನಮ್ಮ ಕುಂದಾಪ್ರ ಕನ್ನಡದ ಒಂದು ಪದದಿಂದ ಶುರು ಮಾಡುತ್ತೇನೆ. 'ಕೆಲ್ಸ ಇತ್ತ್' ಎಂದರೆ ಇಲ್ಲಿ ಕೆಲಸ ಇದೆ ಎಂದರ್ಥ. ಬೆಂಗಳೂರಿನಲ್ಲಿ ಇದನ್ನೇ ಹೇಳಿ ನೋಡಿ, ಕೆಲಸ ಮೊದಲು ಇತ್ತು, ಈಗ ಇಲ್ಲ ಎಂದುಕೊಳ್ಳುತ್ತಾರೆ. ಕೌಶಲ ತರಬೇತಿಯ ವಿಷಯದಲ್ಲಿ ನಮಗೂ ವಿಧಾನಸೌಧಕ್ಕೂ ನಡುವೆ ಹೆಚ್ಚುಕಡಿಮೆ ಇದೇ ನಡೆದಿದೆ. ನಾವು ಹೇಳುವುದು ಒಂದು, ಕಡತಕ್ಕೆ ಕೇಳಿಸುವುದು ಇನ್ನೊಂದು.

ತಪ್ಪು ಕೇಳಿಸಿಕೊಂಡವರದು ಮಾತ್ರವೇ? ಶಾಸಕರು ಊರಿಗೆ ಬಂದಾಗ ನಾವು ಐದಾರು ಜನ ಸೇರಿ ಮನವಿಪತ್ರ ಕೊಡುತ್ತೇವೆ. ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಅಂಥ ಮನವಿಗಳನ್ನು ನಾನೂ ಬರೆದುಕೊಟ್ಟವನೇ. ಎಲ್ಲದರ ಕೊನೆಯ ಸಾಲೂ ಒಂದೇ: ನಮ್ಮ ಊರಿಗೊಂದು ತರಬೇತಿ ಕೇಂದ್ರ ಮಂಜೂರು ಮಾಡಿಸಿಕೊಡಬೇಕು. ಕಟ್ಟಡ ಕೇಳಿದೆವು. ಅಲ್ಲಿ ಕಲಿತು ಹೊರಬಿದ್ದ ಹುಡುಗ ಹುಡುಗಿಯರು ವರ್ಷದ ಮೇಲೆ ಎಲ್ಲಿದ್ದಾರೆ ಎಂದು ಕೇಳಲಿಲ್ಲ.

ಹಾಗೆ ಕೇಳುವ ಹಕ್ಕು ಈ ಕರಾವಳಿಗೆ ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ. 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಅದರದೊಂದು ಶಾಖೆ ಬ್ರಹ್ಮಾವರದಲ್ಲೇ ಇದೆ. ಉಚಿತ ಊಟ, ವಸತಿ, ಕೆಲವೇ ವಾರಗಳ ತರಬೇತಿ. ಇವೆಲ್ಲ ಬೇರೆ ಕಡೆಯೂ ಸಿಗಬಹುದು. ಅದರ ಹೆಚ್ಚುಗಾರಿಕೆ ತರಬೇತಿ ಮುಗಿದ ಮೇಲೆ ಕಾಣಿಸುತ್ತದೆ. ಕಲಿತವರು ಅಂಗಡಿ ಹಾಕಿದರೇ, ಸಾಲ ಸಿಕ್ಕಿತೇ ಎಂದು ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುತ್ತಾರೆ. ಇದೇ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ಒಯ್ದಿತು.

ಈಗ ದೊಡ್ಡ ಯೋಜನೆಯನ್ನು ನೋಡೋಣ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರ ಜುಲೈ 15ರಂದು ಶುರುವಾಯಿತು. ಮುಂದೆ ಬಂದ ಮಾನದಂಡಗಳ ಪ್ರಕಾರ ತರಬೇತಿ ಸಂಸ್ಥೆಗೆ ಹಣ ಸಿಗುತ್ತಿದ್ದದ್ದು ಮೂರು ಕಂತಿನಲ್ಲಿ: ಬ್ಯಾಚ್ ಶುರುವಾದಾಗ ಶೇ. 30, ಪ್ರಮಾಣಪತ್ರ ಕೊಟ್ಟಾಗ ಶೇ. 50, ಕೆಲಸ ಸಿಕ್ಕ ಮೇಲೆ ಶೇ. 20. ಕಲಿತವನಿಗೆ ಕೆಲಸ ಸಿಗದಿದ್ದರೂ ಐದರಲ್ಲಿ ನಾಲ್ಕು ಪಾಲು ಕೈಸೇರುತ್ತಿತ್ತು. ತರಬೇತುದಾರರನ್ನು ಕಟಕಟೆ ಹತ್ತಿಸಲು ಈ ಮಾತು ಹೇಳುತ್ತಿಲ್ಲ. ಹಣ ಯಾವ ಕಡೆ ಹರಿಯುತ್ತದೋ ಶ್ರಮವೂ ಆ ಕಡೆಗೇ ಹರಿಯುತ್ತದೆ. ಯೋಜನೆಯ ಮೊದಲ ಮೂರು ಹಂತಗಳಲ್ಲಿ ಅಲ್ಪಾವಧಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರಲ್ಲಿ ಕೆಲಸ ಸಿಕ್ಕಿತೆಂದು ವರದಿಯಾದದ್ದು ಸುಮಾರು ಶೇ. 43 ಮಂದಿಗೆ. ನಾಲ್ಕನೆಯ ಹಂತದಲ್ಲಿ ಆ ಲೆಕ್ಕ ಇಡುವುದನ್ನೇ ಮುಂದುವರಿಸಲಿಲ್ಲ.

ಇದು ನಮಗೆ ಹೇಗೆ ಗೊತ್ತಾಯಿತು? ಸಂಸದರು ಸದನದಲ್ಲಿ ಪ್ರಶ್ನೆ ಕೇಳಿದರು, ಸಚಿವಾಲಯ ಉತ್ತರ ಕೊಡಲೇಬೇಕಾಯಿತು. ನನ್ನ ಇಂದಿನ ಆಶಯವೆಲ್ಲ ಇಷ್ಟರಲ್ಲೇ ಇದೆ. ಮನವಿ ಕಡತದೊಳಗೆ ಮಲಗಬಹುದು. ಸದನದ ಪ್ರಶ್ನೆಗೆ ಸಚಿವರ ಹೆಸರಿನಲ್ಲಿ ಉತ್ತರ ಬರುತ್ತದೆ, ಅದು ದಾಖಲೆಯಾಗಿ ಉಳಿಯುತ್ತದೆ.

ಹಾಗಾದರೆ ಯಾರ ಬಾಯಲ್ಲಿ ಕೇಳಿಸುವುದು? ಕಾರ್ಮಿಕರ ವೃತ್ತಿ ತರಬೇತಿ ಸಂವಿಧಾನದ ಸಮವರ್ತಿ ಪಟ್ಟಿಯ 25ನೇ ನಮೂದಿನಲ್ಲಿದೆ. ಅಂದರೆ ರಾಜ್ಯಕ್ಕೂ ಸೇರಿದ್ದು, ಕೇಂದ್ರಕ್ಕೂ ಸೇರಿದ್ದು. ನಮ್ಮ ಭೂಗೋಳವೋ ವಿಚಿತ್ರ. ಬೈಂದೂರಿನವರ ಸಂಸದರು ಶಿವಮೊಗ್ಗದವರು, ಕುಂದಾಪುರದವರಿಗೆ ಉಡುಪಿ-ಚಿಕ್ಕಮಗಳೂರಿನವರು. ಬ್ರಹ್ಮಾವರ 2018ರಲ್ಲಿ ತಾಲೂಕಾಯಿತು, ಆದರೆ ಅದರ ಹೆಸರಿನ ವಿಧಾನಸಭಾ ಕ್ಷೇತ್ರ 2008ರಲ್ಲೇ ಹೋಗಿತ್ತು. ಬ್ರಹ್ಮಾವರ ಪೇಟೆ ಉಡುಪಿ ಕ್ಷೇತ್ರದ ಪಾಲು, ಅದೇ ತಾಲೂಕಿನ ಕೋಟ ಕುಂದಾಪುರ ಕ್ಷೇತ್ರದ ಪಾಲು. ಹರಿದು ಹಂಚಿಹೋದೆವು ಎಂದು ಕೊರಗುವವರಿದ್ದಾರೆ. ಈ ಸಭಾಂಗಣದಿಂದ ಮೂವರು ಶಾಸಕರಿಗೂ ಇಬ್ಬರು ಸಂಸದರಿಗೂ ದಾರಿ ಇದೆ ಎಂದು ನಾನು ಲೆಕ್ಕ ಹಾಕುತ್ತೇನೆ. ಪದವಿ ಓದಿ ಕೆಲಸ ಹುಡುಕುತ್ತಿರುವವರಿಗೆ ನೈರುತ್ಯ ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರೂ ಇದ್ದಾರೆ.

ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಯೇ ಆಗಬೇಕೆಂದು ಹಟ ಬೇಡ. ಲೋಕಸಭೆಯಲ್ಲಿ ದಿನಕ್ಕೆ ಅಂಥವು 20 ಮಾತ್ರ. ಲಿಖಿತ ಉತ್ತರ ಬರುವ, ಚುಕ್ಕೆ ಇಲ್ಲದ ಪ್ರಶ್ನೆಗಳು 230. ನಮಗೆ ಬೇಕಾದದ್ದು ಭಾಷಣವಲ್ಲ, ಅಂಕಿ.

ಏನು ಕೇಳಬಹುದು? ಒಂದೆರಡು ಎಳೆ ಬಿಟ್ಟುಕೊಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿಯ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಕೈಗಳು ಖಾಲಿ ಇರುತ್ತವೆ. ಎಂಜಿನ್ ರಿಪೇರಿ, ಶೀತಲ ಘಟಕದ ನಿರ್ವಹಣೆಯ ತರಬೇತಿ ಆ ದಿನಗಳಲ್ಲಿ ಏಕೆ ಇಲ್ಲ? ಇಪ್ಪತ್ತು ವರ್ಷ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಜೋಡಿಸಿದವರಿಗೆ ಪೂರ್ವ ಕಲಿಕೆಯ ಮಾನ್ಯತೆಯಡಿ ಪ್ರಮಾಣಪತ್ರ ಸಿಕ್ಕಿದೆಯೇ? ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ಎಷ್ಟು ಮಂದಿಗೆ? 2017ರಲ್ಲಿ ಬಂದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯಲ್ಲಿ ಕಲಿತವರಲ್ಲಿ ಒಂದು ವರ್ಷದ ನಂತರ ಅದೇ ಕಸುಬಿನಲ್ಲಿ ಉಳಿದವರೆಷ್ಟು? ಕಾಯಿ ಕೊಯ್ಯುವವರಿಲ್ಲ ಎಂದು ತೋಟದವರೆಲ್ಲ ಗೊಣಗುತ್ತಾರಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ಮರ ಹತ್ತುವ ತರಬೇತಿ ಆರೇ ದಿನದ್ದು, ಯಂತ್ರವೂ ವಿಮೆಯೂ ಜೊತೆಗಿದ್ದವು. ಅಂಥದ್ದಕ್ಕೆ ಇಲ್ಲಿ ಎಷ್ಟು ಹಣ?

ಒಂದು ಕಠಿಣ ಪ್ರಶ್ನೆ ನಮಗೇ ಇದೆ. ಇಲ್ಲಿ ಕಲಿತು ಬೆಂಗಳೂರು, ಮುಂಬೈ ಹೋಟೆಲು ಸೇರಿದ ಹುಡುಗ ಯೋಜನೆಯ ಗೆಲುವೋ ಸೋಲೋ? ಅವನ ಮನೆಗೆ ಗೆಲುವು. ಮನೆಯ ಹಿತ್ತಲ ತೋಟಕ್ಕೆ? ಮಧ್ಯಾಹ್ನದ ಗೋಷ್ಠಿ ಇದನ್ನು ನುಣುಚಿಕೊಳ್ಳದೆ ಚರ್ಚಿಸಲಿ.

ಸಂಜೆ ಸಮಾರೋಪದ ಹೊತ್ತಿಗೆ ಪ್ರತಿ ತಾಲೂಕಿನ ತಂಡ ಎರಡೆರಡು ಪ್ರಶ್ನೆ ಬರೆದು ಮೇಜಿನ ಮೇಲಿಡಲಿ. ಒಂದೊಂದೂ ಒಂದೇ ವಾಕ್ಯದಲ್ಲಿರಲಿ, ಉತ್ತರ ಅಂಕಿಯಲ್ಲೇ ಬರುವಂತಿರಲಿ. ಆರು ಪ್ರಶ್ನೆಗಳನ್ನು ನಮ್ಮ ಪ್ರತಿನಿಧಿಗಳಿಗೆ ತಲುಪಿಸೋಣ. ಉತ್ತರದಲ್ಲಿ 'ಕೆಲಸ ಇತ್ತು' ಎಂದು ಬಂದರೆ, ಅದು ಬೆಂಗಳೂರಿನ ಇತ್ತೋ ಕುಂದಾಪುರದ ಇತ್ತೋ ಎಂದು ಏಳನೆಯದನ್ನೂ ಕೇಳೋಣ.