ಕೊಕ್ಕೆ, ದಾರ, ಗರಿ: ಫ್ಲೈ ಕಟ್ಟುವವರ ಸಲಕರಣೆಗಳು ನಡೆದು ಬಂದ ದಾರಿ

ಟ್ರೌಟ್ ಎಂಬ ಮೀನು ತಣ್ಣಗೆ ಹರಿಯುವ ತಿಳಿನೀರಿನಲ್ಲಿ ಬದುಕುತ್ತದೆ. ನೀರಿನ ಮೇಲೆ ಬಂದು ಕೂರುವ ಹುಳುಗಳನ್ನೂ ನೀರೊಳಗೆ ಬೆಳೆಯುವ ಅವುಗಳ ಮರಿಗಳನ್ನೂ ತಿನ್ನುತ್ತದೆ. ಅಂಥ ಹುಳುವಿನ ರೂಪವನ್ನು ಸಣ್ಣದೊಂದು ಕೊಕ್ಕೆಯ ಮೇಲೆ ದಾರ, ಗರಿ, ಉಣ್ಣೆ, ಕೂದಲುಗಳಿಂದ ಕಟ್ಟುವ ಕೆಲಸಕ್ಕೆ ಫ್ಲೈ ಟೈಯಿಂಗ್ ಎನ್ನುತ್ತಾರೆ. ಕಾಶ್ಮೀರ ಮತ್ತು ಹಿಮಾಚಲದ ಹೊಳೆಗಳಲ್ಲಿ, ನಮ್ಮ ನೆರೆಯ ನೀಲಗಿರಿಯ ಎತ್ತರದ ನೀರಿನಲ್ಲಿ ಬ್ರಿಟಿಷರು ತಂದು ಬಿಟ್ಟ ಟ್ರೌಟ್ ಇಂದಿಗೂ ಇದೆ. ಹಾಗಾಗಿ ಈ ಕಸುಬು ನಮಗೆ ತೀರಾ ದೂರದ್ದಲ್ಲ.

ಹೊಸದಾಗಿ ಕಲಿಯಲು ಹೊರಟವರು ಮೊದಲು ತಡವರಿಸುವುದು ಸಲಕರಣೆಗಳ ಪಟ್ಟಿಯ ಮುಂದೆ. ವೈಸ್, ಬಾಬಿನ್, ಹ್ಯಾಕಲ್ ಪ್ಲಯರ್, ವಿಪ್ ಫಿನಿಷರ್, ಹತ್ತಾರು ಬಗೆಯ ಗರಿ, ನೂರಾರು ಬಣ್ಣದ ದಾರ. ಯಾವುದು ಇಂದೇ ಬೇಕು, ಯಾವುದು ಕಾಯಬಹುದು? ಅಂಗಡಿಯ ಪಟ್ಟಿ ಅದನ್ನು ಹೇಳುವುದಿಲ್ಲ, ಇತಿಹಾಸ ಹೇಳುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಕಟ್ಟುವವರ ಬೆರಳಿಗೆ ಎದುರಾದ ಯಾವುದೋ ಒಂದು ತೊಡಕನ್ನು ಬಿಡಿಸಲು ಹುಟ್ಟಿದ್ದು. ಆ ತೊಡಕು ಯಾವುದೆಂದು ತಿಳಿದರೆ ಕೊಳ್ಳುವ ಮನಸ್ಸು ತಾನಾಗಿಯೇ ನಿಚ್ಚಳವಾಗುತ್ತದೆ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ರೋಮಿನಲ್ಲಿದ್ದ ಈಲಿಯನ್ ಎಂಬ ಲೇಖಕ ಪ್ರಾಣಿಗಳ ಬಗ್ಗೆ ಗ್ರೀಕ್ ಭಾಷೆಯಲ್ಲಿ ಒಂದು ಗ್ರಂಥ ಬರೆದ. ಮ್ಯಾಸಿಡೋನಿಯಾದ ಆಸ್ಟ್ರೇಯಸ್ ನದಿಯ ಬೆಸ್ತರ ಪ್ರಸ್ತಾಪ ಅದರಲ್ಲಿ ಬರುತ್ತದೆ. ಅಲ್ಲಿನ ಚುಕ್ಕೆಮೈಯ ಮೀನುಗಳು ಒಂದು ಬಗೆಯ ನೊಣವನ್ನು ಹಿಡಿದು ತಿನ್ನುತ್ತಿದ್ದವು. ಆ ನೊಣವನ್ನು ಬೆರಳಲ್ಲಿ ಹಿಡಿದರೆ ಅದರ ಬಣ್ಣವೂ ರೆಕ್ಕೆಯೂ ಕೆಟ್ಟುಹೋಗುತ್ತಿತ್ತು. ಅದಕ್ಕೇ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಮೇಣಬಣ್ಣದ ಎರಡು ಗರಿಗಳನ್ನು ಅದರ ಮೇಲೆ ಕೂರಿಸುತ್ತಿದ್ದರು. ಆರಡಿಯ ಕೋಲು, ಅಷ್ಟೇ ಉದ್ದದ ದಾರ. ಕಟ್ಟುವ ಸಲಕರಣೆಯ ಮಾತೇ ಈಲಿಯನ್ನನ ಬರಹದಲ್ಲಿಲ್ಲ.

ಅಲ್ಲಿಂದ ಇಂಗ್ಲೆಂಡಿಗೆ ಬರೋಣ. 1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಗಾಳದ ಮೀನುಗಾರಿಕೆಯ ಒಂದು ಪ್ರಬಂಧವನ್ನು ಅಚ್ಚು ಹಾಕಿದ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬಾಕೆ ಅದನ್ನು ಬರೆದಳೆಂಬ ಪ್ರತೀತಿ ಇದೆ. ಅದರಲ್ಲಿ ಹನ್ನೆರಡು ಫ್ಲೈಗಳ ವಿವರಣೆ ಸಿಗುತ್ತದೆ. ಸಲಕರಣೆಗಳ ಪಟ್ಟಿಯೂ ಇದೆ: ಅರ, ಇಕ್ಕಳ, ಗಟ್ಟಿ ಅಲಗಿನ ಚಾಕು, ಅಡಿಗಲ್ಲು, ಸಣ್ಣ ಸುತ್ತಿಗೆ. ಇವೆಲ್ಲ ಫ್ಲೈ ಕಟ್ಟುವುದಕ್ಕಲ್ಲ, ಕೊಕ್ಕೆ ಮಾಡುವುದಕ್ಕೆ. ದರ್ಜಿಯ ಸೂಜಿ, ಕಸೂತಿಯ ಸೂಜಿ, ಮೋಚಿಯ ಸೂಜಿ, ಯಾವ ಮೀನಿಗೆ ಯಾವುದು ಹೊಂದುತ್ತದೋ ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಚಾಕುವಿನಿಂದ ಮುಳ್ಳು ಎಬ್ಬಿಸಿ, ಅರದಿಂದ ಮೊನೆ ಚೂಪು ಮಾಡಿ, ಬಾಗಿಸಿ, ಮತ್ತೆ ಹದ ಕೊಡಬೇಕಿತ್ತು. ಕಟ್ಟುವ ಮೊದಲು ಕಮ್ಮಾರಿಕೆ ನಡೆಯಬೇಕಿತ್ತು.

ಮುಂದೆ ಈ ಕೆಲಸ ಇಂಗ್ಲೆಂಡಿನ ರೆಡ್ಡಿಚ್ ಎಂಬ ಸೂಜಿ ಕಾರ್ಖಾನೆಗಳ ಊರಿಗೆ ಹೋಯಿತು. 19ನೇ ಶತಮಾನದಲ್ಲಿ ಆಲ್‌ಕಾಕ್‌ನಂಥ ಅಲ್ಲಿನ ಕಂಪನಿಗಳು ಜಗತ್ತಿಗೆಲ್ಲ ಕೊಕ್ಕೆ ಕಳುಹಿಸುತ್ತಿದ್ದವು. ನಾರ್ವೆಯ ಮುಸ್ತಾದ್ ಕಂಪನಿ 1877ರಲ್ಲಿ ಯಂತ್ರದಿಂದ ಕೊಕ್ಕೆ ತಯಾರಿಸತೊಡಗಿತು. ಆದರೆ ಆಗ ಬಳಕೆಯಲ್ಲಿದ್ದ ಸಣ್ಣ ಫ್ಲೈ ಕೊಕ್ಕೆಗಳಿಗೆ ಸಾಮಾನ್ಯವಾಗಿ ಕಣ್ಣೇ ಇರಲಿಲ್ಲ. ಗಟ್ ಎಂಬ ಎಳೆಯನ್ನು ಕೊಕ್ಕೆಯ ದಂಡಿಗೆ ಸೇರಿಸಿ ಬಿಗಿದು, ಅದರ ಮೇಲೆಯೇ ಫ್ಲೈ ಕಟ್ಟಬೇಕಿತ್ತು. ರಾಮನಗರದ ಕಡೆಯ ಕೇಳುಗರಿಗೆ ಈ ಗಟ್‌ನ ಸಂಗತಿ ಕುತೂಹಲ ಹುಟ್ಟಿಸೀತು. ಸ್ಪೇನಿನ ಮುರ್ಸಿಯಾ ಪ್ರಾಂತ್ಯದಲ್ಲಿ, ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುವನ್ನು ಹುಳಿಯಾದ ದ್ರವದಲ್ಲಿ ಅದ್ದಿ, ಅದರ ರೇಷ್ಮೆ ಗ್ರಂಥಿಯನ್ನು ಹಾಗೆಯೇ ಎಳೆದು ಒಂದೇ ದಪ್ಪ ಎಳೆ ಮಾಡುತ್ತಿದ್ದರು. ಅದು ಹಳೆಯದಾಗಿ ಕೊಕ್ಕೆಯ ಬುಡದಲ್ಲಿ ತುಂಡಾದರೆ ಅಷ್ಟು ಚೆಂದದ ಫ್ಲೈ ಕೆಲಸಕ್ಕೆ ಬಾರದೆ ಹೋಗುತ್ತಿತ್ತು. 1879ರ ಸುಮಾರಿಗೆ ಎಚ್. ಎಸ್. ಹಾಲ್ ಎಂಬವರು ಜಾರ್ಜ್ ಬ್ಯಾಂಕಾರ್ಟ್ ಜೊತೆಗೂಡಿ ಸಣ್ಣ ಫ್ಲೈಗಳಿಗೆ ತಕ್ಕ ಕಣ್ಣಿನ ಕೊಕ್ಕೆಯನ್ನು ರೂಪಿಸಿದರು. ಆಮೇಲೆ ಫ್ಲೈಯನ್ನು ಬೇಕೆಂದಾಗ ಕಟ್ಟಿ ಬಿಚ್ಚುವುದು ಸಾಧ್ಯವಾಯಿತು.

ಇಷ್ಟು ಹೊತ್ತು ಕೊಕ್ಕೆಯ ಬಗ್ಗೆಯೇ ಮಾತಾಡಿದ್ದಕ್ಕೆ ಕಾರಣವಿದೆ. ಕಲಿಯುವವರಲ್ಲವೇ, ಯಾವುದೋ ಒಂದು ಕೊಕ್ಕೆ ಸಾಕು ಎಂದು ಅಗ್ಗದ್ದು ಕೊಳ್ಳುವುದು ಸರಿಯಲ್ಲ. ಒಳ್ಳೆಯ ಕಂಪನಿಯ 12 ಅಥವಾ 14ನೇ ನಂಬರಿನ ಕೊಕ್ಕೆಯ ಒಂದು ಪೊಟ್ಟಣ ತನ್ನಿ. ಇಲ್ಲಿ ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದಾಗುತ್ತದೆ. ಕಣ್ಣಿನ ಉಂಗುರ ಪೂರ್ತಿ ಮುಚ್ಚಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಸಂದು ಬಿಟ್ಟಿದ್ದರೆ ಕಟ್ಟುವಾಗ ದಾರ ಅಲ್ಲಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ.

ಕೊಕ್ಕೆಯಾಯಿತು, ಅದನ್ನು ಹಿಡಿದು ಕಟ್ಟುವ ಬಗೆಗೆ ಬರಲು ಮತ್ತೆ ತುಸು ಹಿಂದಕ್ಕೆ ಹೋಗಬೇಕು. 1676ರಲ್ಲಿ ಐಸಾಕ್ ವಾಲ್ಟನ್ನನ ಪ್ರಸಿದ್ಧ ಗಾಳದ ಪುಸ್ತಕದ ಐದನೆಯ ಆವೃತ್ತಿಗೆ ಅವನ ಗೆಳೆಯ ಚಾರ್ಲ್ಸ್ ಕಾಟನ್ ಎರಡನೆಯ ಭಾಗ ಬರೆದು ಕೊಟ್ಟ. ಡವ್ ನದಿಯ ದಂಡೆಯ ಕಾಟನ್ ಫ್ಲೈ ಕಟ್ಟುವುದನ್ನು ಅದರಲ್ಲಿ ಹಂತಹಂತವಾಗಿ ಹೇಳಿಕೊಡುತ್ತಾನೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೊಕ್ಕೆ, ಬಲಗೈಯಲ್ಲಿ ಮೇಣ ತಿಕ್ಕಿದ ರೇಷ್ಮೆ. ಪಕ್ಕದಲ್ಲಿ ಕರಡಿ, ಒಂಟೆ, ಹಂದಿ, ನಾಯಿಗಳ ಕೂದಲು ತುಂಬಿದ ಚೀಲ. ನಮ್ಮ ಮಾರುಕಟ್ಟೆಯ ಹೂ ಕಟ್ಟುವವರನ್ನು ನೋಡಿ: ಬಾಳೆನಾರು, ಹೂವು, ಹತ್ತು ಬೆರಳು, ಅಷ್ಟೇ. ಕಾಟನ್ನನ ಕಾಲದ ಫ್ಲೈ ಕಟ್ಟುವಿಕೆಯೂ ಹಾಗೇ ನಡೆಯುತ್ತಿತ್ತು.

ಹಾಗಾದರೆ ವೈಸ್ ಯಾಕೆ ಬಂತು? 19ನೇ ಶತಮಾನದಲ್ಲಿ ಫ್ಲೈ ಎರಡು ದಿಕ್ಕಿನಲ್ಲಿ ಕಷ್ಟದ್ದಾಯಿತು. ಒಂದು ಕಡೆ ಇಂಗ್ಲೆಂಡಿನ ಟೆಸ್ಟ್, ಇಚೆನ್ ನದಿಗಳ ನೀರಿನ ಮೇಲೆ ತೇಲಬೇಕಾದ, ತೀರಾ ಸಣ್ಣ, ರೆಕ್ಕೆ ಎತ್ತಿ ನಿಂತ ಫ್ಲೈ. ಫ್ರೆಡರಿಕ್ ಹಾಲ್ಫರ್ಡ್ ಇವುಗಳನ್ನು ಕಟ್ಟುವ ಬಗೆಯನ್ನು 1886ರಲ್ಲಿ ಪುಸ್ತಕ ಮಾಡಿದ. ಇನ್ನೊಂದು ಕಡೆ ಸಾಲ್ಮನ್ ಮೀನಿಗೆಂದು ಹತ್ತಾರು ಹಕ್ಕಿಗಳ ಗರಿ ಸೇರಿಸಿ ಕಟ್ಟುವ ಬಹುವರ್ಣದ ಫ್ಲೈ. ಎರಡಕ್ಕೂ ಎರಡೂ ಕೈ ಬಿಡುವಾಗಿರಬೇಕು. ಆಗ ಕೊಕ್ಕೆಯನ್ನು ಹಿಡಿಯಲು ಮೂರನೆಯ ಕೈಯೊಂದು ಬೇಕಾಯಿತು. ವೈಸ್ ಅಂದರೆ ಅದೇ. 20ನೇ ಶತಮಾನದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಎಲ್ಜಿನ್ ಊರಿನ ಥಾಂಪ್ಸನ್ ಕಂಪನಿಯ ‘ಮಾಡೆಲ್ ಎ’ ವೈಸ್ ಮನೆಮಾತಾಯಿತು. ಹಿಡಿಕೆ ಒತ್ತಿದರೆ ದವಡೆ ಬಿಗಿಯುವ ಸರಳ ರಚನೆ ಅದರದು. ಅದರ ಅಗ್ಗದ ನಕಲುಗಳು ಭಾರತದಲ್ಲಿ ತಯಾರಾಗಿ ಪಶ್ಚಿಮದ ಅಂಗಡಿಗಳಿಗೆ ಹೋದವು. ಎಷ್ಟೋ ಮಂದಿ ಅವುಗಳ ಮೇಲೆಯೇ ಕಲಿತರು.

ವೈಸ್ ಇಲ್ಲದೆಯೂ ಕಟ್ಟಬಹುದು ಎಂಬುದಕ್ಕೆ ಅಮೆರಿಕದ ಲೀ ವುಲ್ಫ್ ಸಾಕ್ಷಿ. 1991ರಲ್ಲಿ ತೀರಿಕೊಂಡ ಅವರು ಬರಿಗೈಯಲ್ಲೇ, ತೀರಾ ಸಣ್ಣ ಕೊಕ್ಕೆಯ ಮೇಲೂ ಫ್ಲೈ ಕಟ್ಟಿ ತೋರಿಸುತ್ತಿದ್ದರು. ಆದರೂ ಕಲಿಯುವವರಿಗೆ ವೈಸ್ ಬೇಕು ಎಂದೇ ನಾನು ಹೇಳುತ್ತೇನೆ. ದುಬಾರಿಯದು ಬೇಡ. ತಿರುಗುವ ದವಡೆಯ ರೋಟರಿ ವೈಸ್ ಈಗಲೇ ಬೇಕಾಗಿಲ್ಲ. ಒಂದೇ ಪರೀಕ್ಷೆ ಸಾಕು: ಕೊಕ್ಕೆಯ ಬಾಗನ್ನು ದವಡೆಗೆ ಕೊಟ್ಟು ಬಿಗಿಯಿರಿ. ಹೆಬ್ಬೆರಳಿನಿಂದ ಕೊಕ್ಕೆಯ ಕಣ್ಣನ್ನು ಕೆಳಕ್ಕೆ ಒತ್ತಿ. ಕೊಕ್ಕೆ ತುಸು ಬಳುಕಿ ಮೊದಲಿನ ಜಾಗಕ್ಕೆ ಬಂದರೆ ವೈಸ್ ಒಳ್ಳೆಯದು. ದವಡೆಯೊಳಗೆ ಜಾರಿ ಕೆಳಗೇ ನಿಂತರೆ ವಾಪಸ್ ಕೊಡಿ. ಹಾಗೆ ಜಾರುವ ವೈಸ್‌ನ ಮುಂದೆ ಕೂತವರು ತಪ್ಪು ತಮ್ಮ ಕೈಯದೆಂದು ತಿಳಿದು ಈ ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ನನಗೆ ಬಹಳ ಬೇಸರ ತರುವ ಸಂಗತಿ ಅದು.

ನನ್ನ ಎಣಿಕೆಯಲ್ಲಿ ವೈಸ್‌ಗಿಂತ ದೊಡ್ಡ ಬದಲಾವಣೆ ತಂದದ್ದು ಬಾಬಿನ್. ಹಳಬರು ರೇಷ್ಮೆ ದಾರವನ್ನು ತುಂಡು ಮಾಡಿಟ್ಟುಕೊಂಡು, ಜೇನುಮೇಣವನ್ನೋ ಮೋಚಿಯ ಅಂಟುಮೇಣವನ್ನೋ ತಿಕ್ಕಿ ಸುತ್ತುತ್ತಿದ್ದರು. ಮೇಣದ ಅಂಟಿನಿಂದ ಸುತ್ತು ಸಡಿಲವಾಗದೆ ನಿಲ್ಲುತ್ತಿತ್ತು. ಕೈ ಬಿಡಬೇಕಾದಾಗ ಗಂಟು ಹಾಕಬೇಕು, ಇಲ್ಲವೇ ದಾರಕ್ಕೆ ಚಿಮಟ ಕಚ್ಚಿಸಿ ತೂಗುಬಿಡಬೇಕು. ಬಾಬಿನ್ ಎಂದರೆ ದಾರದ ಉಂಡೆಯನ್ನು ಹಿಡಿದು, ಸಣ್ಣ ಕೊಳವೆಯ ಮೂಲಕ ದಾರ ಬಿಡುವ ಸಾಧನ. ಕೈ ಬಿಟ್ಟರೂ ತನ್ನ ಭಾರದಿಂದಲೇ ದಾರವನ್ನು ಬಿಗಿಯಾಗಿ ಹಿಡಿದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಫ್ರಾಂಕ್ ಮಟರೆಲ್ಲಿ ತಂತಿ ಬಾಗಿಸಿ ಮಾಡಿದ ಬಾಬಿನ್ನುಗಳು, ಕೊನೆಯ ಗಂಟು ಹಾಕುವ ವಿಪ್ ಫಿನಿಷರ್‌ಗಳು ಕಟ್ಟುವವರ ನಡುವೆ ಹೆಸರುವಾಸಿ. 1938ರಲ್ಲಿ ನೈಲಾನ್ ಲೋಕಕ್ಕೆ ಪರಿಚಯವಾದ ಮೇಲೆ ತೆಳುವಾದ, ಗಟ್ಟಿಯಾದ, ಮೊದಲೇ ಮೇಣ ಹಚ್ಚಿದ ದಾರಗಳೂ ಬಂದವು.

ಬಾಬಿನ್ನಿನ ಗುಣವೆಲ್ಲ ಕೊಳವೆಯ ಬಾಯಲ್ಲಿದೆ. ಲೋಹದ ಕೊಳವೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಚೂಪು ಉಳಿದಿದ್ದರೂ ಸಾಕು, ದಾರ ಎಳೆಎಳೆಯಾಗಿ ಬಿಚ್ಚಿಕೊಂಡು, ಫ್ಲೈ ಇನ್ನೇನು ಮುಗಿಯಿತು ಎನ್ನುವಾಗ ತಟ್ಟನೆ ಕಡಿಯುತ್ತದೆ. ಕೊಳ್ಳುವ ಮುನ್ನ ಅಂಚಿನ ಸುತ್ತ ಒಂದಿಷ್ಟು ಹತ್ತಿ ಎಳೆದು ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅದು ಬೇಡ. ಸ್ವಲ್ಪ ಹೆಚ್ಚು ಕೊಟ್ಟರೆ ಸೆರಾಮಿಕ್ ಬಾಯಿಯ ಬಾಬಿನ್ ಸಿಗುತ್ತದೆ, ಆ ಹಣ ವ್ಯರ್ಥವಾಗುವುದಿಲ್ಲ. ವೈಸ್‌ನಲ್ಲಿ ಉಳಿಸಿದ್ದನ್ನು ಇಲ್ಲಿಗೂ ಕತ್ತರಿಗೂ ಹಾಕಿ. ಕತ್ತರಿಯ ತುದಿ ಸೂಜಿಯಷ್ಟು ಸಣ್ಣಗಿರಬೇಕು, ಬೆರಳು ತೂರಿಸುವ ಉಂಗುರ ದೊಡ್ಡದಿರಬೇಕು, ಅಲಗು ತುದಿಯವರೆಗೂ ಕತ್ತರಿಸಬೇಕು. ತಂತಿ ಕತ್ತರಿಸಲು ಹಳೆಯದೊಂದನ್ನು ಬೇರೆ ಇಟ್ಟುಕೊಳ್ಳಿ.

ವಿಪ್ ಫಿನಿಷರ್ ಕಾಯಬಹುದು. ಅದು ಮಾಡುವುದನ್ನು ಬೆರಳೂ ಮಾಡುತ್ತದೆ. ದಾರದಿಂದ ಒಂದು ಕುಣಿಕೆ ಮಾಡಿ, ದಾರದ ಒಂದು ಭಾಗವನ್ನು ಕೊಕ್ಕೆಯ ದಂಡಿಗೆ ಒತ್ತಿ ಹಿಡಿದು, ಕುಣಿಕೆಯ ಇನ್ನೊಂದು ಭಾಗವನ್ನು ಅದರ ಮೇಲೆ ನಾಲ್ಕೈದು ಸುತ್ತು ಸುತ್ತಿ, ದಾರವನ್ನು ಎಳೆದರೆ ಗಂಟು ತನ್ನ ಕೆಳಗೇ ಹೂತುಹೋಗುತ್ತದೆ.

ಬೆಳಕನ್ನೂ ಸಲಕರಣೆಗಳಲ್ಲಿ ಎಣಿಸಬೇಕು. ಸ್ಕಾಟ್ಲೆಂಡಿನ ಉತ್ತರದ ಬ್ರೋರಾ ಬಳಿ ಮೇಗನ್ ಬಾಯ್ಡ್ ಎಂಬಾಕೆ ಇದ್ದರು. 1915ರಲ್ಲಿ ಹುಟ್ಟಿ 2001ರಲ್ಲಿ ತೀರಿಕೊಂಡರು. ತಾವು ಮೀನು ಹಿಡಿಯದೆಯೇ ಜೀವನವಿಡೀ ಸಾಲ್ಮನ್ ಫ್ಲೈ ಕಟ್ಟಿದರು. 1971ರಲ್ಲಿ ಅವರಿಗೆ ಬ್ರಿಟಿಷ್ ಎಂಪೈರ್ ಪದಕ ಬಂತು. ದೀರ್ಘಕಾಲ ವಿದ್ಯುತ್ ಇಲ್ಲದ ಅವರ ಮನೆಯಲ್ಲಿ ಕಿಟಕಿಯ ಬೆಳಕೇ ಆಸರೆಯಾಗಿತ್ತು. ನೀವೂ ಮೇಜನ್ನು ಕಿಟಕಿಗೆ ಎದುರಾಗಿ ಹಾಕಿಕೊಳ್ಳಿ, ರಾತ್ರಿಯಾದರೆ ಬಾಗಿಸಬಲ್ಲ ಟೇಬಲ್ ಲ್ಯಾಂಪ್.

ಇನ್ನು ಗರಿಗಳ ಮಾತು. ಇಲ್ಲಿ ನಮ್ಮ ನೆಲದ ನಂಟೂ ಇದೆ, ನೋವೂ ಇದೆ. ಜಾರ್ಜ್ ಕೆಲ್ಸನ್ 1895ರಲ್ಲಿ ಸಾಲ್ಮನ್ ಫ್ಲೈಗಳ ದೊಡ್ಡ ಪುಸ್ತಕ ತಂದ. ಅಂಥ ಫ್ಲೈಗಳ ಕೆನ್ನೆಯ ಮೇಲೆ ಮೇಣದ ಹನಿಯಂತೆ ಹೊಳೆಯುವ ಬಿಳಿ-ಹಳದಿ ಚುಕ್ಕೆಯ ಒಂದು ಗರಿ ಮತ್ತೆಮತ್ತೆ ಬರುತ್ತದೆ. ಅದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಯದು. ಬ್ರಿಟಿಷರ ಕಾಲದಲ್ಲಿ ಈ ಚರ್ಮಗಳು ಹಡಗು ಹತ್ತಿ ಹೋದವು. ಇಂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಡಂಚಿನ ಊರಿನಲ್ಲಿ ಯಾರಾದರೂ ತಂದುಕೊಟ್ಟರೂ ಆ ಗರಿಯನ್ನು ಮುಟ್ಟಬೇಡಿ.

ಗರಿಯ ಮೋಹ ಎಲ್ಲಿಯವರೆಗೆ ಹೋಗುತ್ತದೆಂದರೆ, 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್‌ನ ವಸ್ತುಸಂಗ್ರಹಾಲಯದಿಂದ 299 ಹಕ್ಕಿಚರ್ಮಗಳು ಕಳುವಾದವು. ಕದ್ದವನು ಸಾಲ್ಮನ್ ಫ್ಲೈ ಕಟ್ಟುವುದರಲ್ಲಿ ನಿಪುಣನಾಗಿದ್ದ ಒಬ್ಬ ಯುವ ಸಂಗೀತ ವಿದ್ಯಾರ್ಥಿ. ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ್ದ ಮಾದರಿಗಳೂ ಅವುಗಳಲ್ಲಿದ್ದವು. ಹೀಗೆ ಕಳವಾಗಿ ಹೆಸರುಚೀಟಿ ಕಳೆದುಕೊಂಡ ಹಕ್ಕಿ ವಿಜ್ಞಾನಕ್ಕೆ ಹೆಚ್ಚುಕಡಿಮೆ ಉಪಯೋಗವಿಲ್ಲದ್ದು. ಆ ನಷ್ಟ ತುಂಬಲಾಗದ್ದು.

ಟ್ರೌಟ್ ಫ್ಲೈಗೆ ಬೇಕಾದ ಗರಿಯ ಹಾದಿ ಇದಕ್ಕಿಂತ ಸಮಾಧಾನದ್ದು. ಅಮೆರಿಕದಲ್ಲಿ ಹೆನ್ರಿ ಹಾಫ್‌ಮನ್ ಅವರಂಥವರು ಗರಿಗೆಂದೇ ಹುಂಜಗಳನ್ನು ಆಯ್ದು ತಲೆಮಾರುಗಳವರೆಗೆ ಸಾಕಿದರು. 1989ರಲ್ಲಿ ಹಾಫ್‌ಮನ್ನರ ತಳಿಯನ್ನು ಟಾಮ್ ವೈಟಿಂಗ್ ಪಡೆದು ಕೊಲರಾಡೋದಲ್ಲಿ ಬೆಳೆಸಿದರು. ಅವುಗಳ ಒಂದೇ ಗರಿ ಹಲವು ಫ್ಲೈಗಳಿಗೆ ಬರುವಷ್ಟು ಉದ್ದ. 2011ರಲ್ಲಿ ಆ ಗರಿಗಳನ್ನು ತಲೆಗೂದಲಿಗೆ ಸಿಕ್ಕಿಸುವ ಫ್ಯಾಷನ್ ಹಬ್ಬಿ ಬೆಲೆ ಗಗನಕ್ಕೇರಿತ್ತು. ಇಡೀ ಕುತ್ತಿಗೆಯ ಚರ್ಮವನ್ನು ಈಗಲೇ ಕೊಳ್ಳಬೇಡಿ. ‘ಎಲ್ಲವೂ ಇದೆ’ ಎನ್ನುವ ಪೆಟ್ಟಿಗೆಗಳನ್ನೂ ಕೊಳ್ಳಬೇಡಿ. ಅವುಗಳಲ್ಲಿನ ಗರಿ ಬಹುಮಟ್ಟಿಗೆ ಯಾವ ಫ್ಲೈಗೂ ಹೊಂದದಷ್ಟು ಮೊಂಡು. ಮೊದಲು ಒಂದು ಫ್ಲೈ ಆರಿಸಿ, ಅದಕ್ಕೆ ಬೇಕಾದಷ್ಟೇ ತನ್ನಿ.

ಯಾವ ಫ್ಲೈ? ‘ಪಾರ್ಟ್ರಿಜ್ ಅಂಡ್ ಆರೆಂಜ್’. ಟಿ. ಇ. ಪ್ರಿಟ್ ಯಾರ್ಕ್‌ಷೈರಿನ ಇಂಥ ಹಳೆಯ ಫ್ಲೈಗಳನ್ನು 1885ರಲ್ಲಿ ಪುಸ್ತಕಕ್ಕೆ ಇಳಿಸಿದ. ಒಂದು ಕೊಕ್ಕೆ, ಕಿತ್ತಳೆ ಬಣ್ಣದ ರೇಷ್ಮೆ, ಇಂಗ್ಲೆಂಡಿನ ಗೌಜಲ ಹಕ್ಕಿಯ ಒಂದು ಕಂದುಚುಕ್ಕೆಯ ಗರಿ. ಕಣ್ಣಿನ ಹಿಂದಿನಿಂದ ರೇಷ್ಮೆಯನ್ನು ಒತ್ತೊತ್ತಾಗಿ ಬಾಗಿನವರೆಗೆ ಸುತ್ತಿ, ಹಾಗೆಯೇ ಹಿಂದಕ್ಕೆ ತಂದರೆ ಮೈ ಮುಗಿಯಿತು. ಗರಿಯ ತುದಿ ಕಟ್ಟಿ, ಬುಡವನ್ನು ಬೆರಳಲ್ಲೇ ಹಿಡಿದು ಎರಡು ಸುತ್ತು. ಆಮೇಲೆ ಗಂಟು. ಗರಿಯನ್ನು ಕಚ್ಚಿ ಹಿಡಿದು ಸುತ್ತುವ ಸಣ್ಣ ಚಿಮಟ, ಅಂದರೆ ಹ್ಯಾಕಲ್ ಪ್ಲಯರ್ ಕೂಡ ಬೇಕಾಗುವುದಿಲ್ಲ. ಅದೇ ಗರಿಯ ಪೊಟ್ಟಣ ಇಟ್ಟುಕೊಂಡು ರೇಷ್ಮೆಯನ್ನು ಹಳದಿಗೆ, ಹಸಿರಿಗೆ ಬದಲಿಸಿದರೆ ಇನ್ನೆರಡು ಫ್ಲೈಗಳು ಸಿದ್ಧ.