ಜ್ವೆರೆವ್‌ನ ಎರಡನೇ ಸರ್ವ್

2020ರ ಸೆಪ್ಟೆಂಬರ್‌ನಲ್ಲಿ ಬೆಳಗಾದ್ರೆ ಕೊರೊನಾ, ಸಂಜೆಯಾದ್ರೆ ಡ್ರಗ್ಸ್ ಕೇಸು ಅನ್ನೋ ಹಾಗಿತ್ತು. ಇವತ್ತು ಎರಡನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಒಂದು ಟೆನಿಸ್ ಪಂದ್ಯದ ಬಗ್ಗೆ ಮಾತಾಡ್ತೀನಿ. ನ್ಯೂಯಾರ್ಕ್‌ನ 2020ರ ಯುಎಸ್ ಓಪನ್ ಫೈನಲ್. ನಮಗೆ ರಾತ್ರಿ ಒಂದೂವರೆಗೆ ಶುರುವಾಗಿ, ಮುಗಿಯುವಾಗ ಇಲ್ಲಿ ಹಾಲಿನವರು ಬರುವ ಹೊತ್ತು.

ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಮೊದಲ ಎರಡು ಸೆಟ್ 6-2, 6-4ರಿಂದ ಗೆದ್ದಿದ್ದ. ಐದನೇ ಸೆಟ್‌ನಲ್ಲಿ 5-3, ಸರ್ವ್ ಅವನದೇ. ಒಂದೇ ಒಂದು ಗೇಮ್ ಗೆದ್ದಿದ್ರೆ ಕಪ್ ಅವನ ಕೈಯಲ್ಲಿರುತ್ತಿತ್ತು. ಆಸ್ಟ್ರಿಯಾದ ಡೊಮಿನಿಕ್ ಥೀಮ್ ಅದ್ಭುತವಾಗಿ ಆಡಿ ಕಸಿದುಕೊಂಡ ಅಂತ ಆಗ ಎಲ್ಲರೂ ಹೇಳ್ತಿದ್ರು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಥೀಮ್‌ಗೂ ಕೈಕಾಲು ಆಡ್ತಿರಲಿಲ್ಲ, ಕೊನೆಯಲ್ಲಿ ಸ್ನಾಯು ಹಿಡಿದು ಕುಂಟುತ್ತಿದ್ದ.

ಸೋತಿದ್ದು ಜ್ವೆರೆವ್‌ನ ಎರಡನೇ ಸರ್ವ್. ಆರೂವರೆ ಅಡಿ ಎತ್ತರದ ಹುಡುಗ, ಮೊದಲ ಸರ್ವ್ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅದು ತಪ್ಪಿದರೆ? ಟೈಬ್ರೇಕ್‌ನಲ್ಲಿ ಅವನ ಎರಡನೇ ಸರ್ವ್ ಒಮ್ಮೆ 68 ಮೈಲಿಗೆ, ಅಂದ್ರೆ ಸುಮಾರು 110 ಕಿಲೋಮೀಟರ್‌ಗೆ ಇಳಿಯಿತು. ಇಡೀ ಪಂದ್ಯದಲ್ಲಿ 15 ಡಬಲ್ ಫಾಲ್ಟ್!

ನಿಧಾನ ಹೊಡೆದರೂ ಯಾಕೆ ತಪ್ಪುತ್ತೆ ಅಂತ ನೀವು ಕೇಳಬಹುದು. ಅಲ್ಲೇ ಇರೋದು ವಿಷಯ. ಎರಡನೇ ಸರ್ವ್ ನೆಟ್ ದಾಟಿ ಚೌಕದೊಳಗೆ ಬೀಳಬೇಕಾದ್ರೆ ಚೆಂಡಿಗೆ ಸ್ಪಿನ್ ಬೇಕು. ಸ್ಪಿನ್ ಬರೋದು ರಾಕೆಟ್ ಬೀಸುವ ವೇಗದಿಂದ. ಹೆದರಿ ಕೈ ನಿಧಾನ ಮಾಡಿದರೆ ಸ್ಪಿನ್ ಹೋಯ್ತು, ಚೆಂಡು ಒಂದೋ ನೆಟ್‌ಗೆ, ಇಲ್ಲಾ ಗೆರೆಯಾಚೆಗೆ. ಕ್ರಿಕೆಟ್‌ನಲ್ಲಿ ನೋಡಿಲ್ವಾ, ಸಿಕ್ಸರ್ ತಿಂದ ಲೆಗ್ ಸ್ಪಿನ್ನರ್ ಮಣಿಕಟ್ಟು ತಿರುಗಿಸೋಕೇ ಹೆದರಿ ಫುಲ್‌ಟಾಸ್ ಹಾಕ್ತಾನಲ್ಲ, ಅದೇ ರೋಗ.

ಫೋರ್‌ಹ್ಯಾಂಡೂ ಹಾಗೇ. ಮೊದಲೆರಡು ಸೆಟ್‌ನಲ್ಲಿ ಮುನ್ನುಗ್ಗಿ ಹೊಡೆದವನು ಆಮೇಲೆ ಬೇಸ್‌ಲೈನ್ ಹಿಂದೆ ನಿಂತು ಬರೀ ತಳ್ಳತೊಡಗಿದ. ಬ್ಯಾಕ್‌ಹ್ಯಾಂಡ್ ಮಾತ್ರ ಅವನ ನಂಬಿಕೆಯ ಹೊಡೆತ. ವಿಚಿತ್ರ ನೋಡಿ, ಟೈಬ್ರೇಕ್‌ನ ಕೊನೆಯ ಪಾಯಿಂಟ್‌ನಲ್ಲಿ ಆಚೆ ಹೋಗಿದ್ದು ಅದೇ ಬ್ಯಾಕ್‌ಹ್ಯಾಂಡ್. 8-6.

ಆ ಖಾಲಿ ಸ್ಟೇಡಿಯಂನಲ್ಲಿ ಅಪ್ಪ-ಅಮ್ಮನ ಹೆಸರೆತ್ತಿ ಅತ್ತುಬಿಟ್ಟ. ಇಬ್ಬರಿಗೂ ಕೊರೊನಾ ಬಂದಿತ್ತಂತೆ. ಆಗಿನ್ನೂ 23 ವರ್ಷ, ನೋಡೋಕಾಗಲಿಲ್ಲ.

2020ರ ಸೆಪ್ಟೆಂಬರ್ 27ಕ್ಕೇ ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಶುರುವಾಗೋದಿತ್ತು. ಎರಡು ವಾರದಲ್ಲಿ ಸರ್ವ್ ರಿಪೇರಿ ಆಗುತ್ತೆ ಅಂತ ನನಗನ್ನಿಸಿರಲಿಲ್ಲ. ಅವನ ಪಂದ್ಯ ನೋಡೋದಾದ್ರೆ, ಮೊದಲ ಸರ್ವ್ ನೆಟ್‌ಗೆ ಬಡಿದ ಕೂಡಲೇ ಚೆಂಡನ್ನ ಬಿಟ್ಟು ಅವನ ಬಲಗೈ ನೋಡಿ.