ದೊಡ್ಡವರಾದ ಮೇಲೆ ಭಾಷೆ ಕಲಿಯುವುದು



ಪರಭಾಷೆ ಕಲಿಯಿರಿ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು "ವಯಸ್ಸಾತಲ್ರೀ ಸರ್" ಅನ್ನುತ್ತಾರೆ. ಮಂಜೇಶ್ವರದ ಗೋವಿಂದ ಪೈಯವರು (1883–1963) ತಂದೆ ತೀರಿಕೊಂಡಾಗ ಕಾಲೇಜು ಬಿಟ್ಟವರು, ಬಿ.ಎ. ಮುಗಿಸಲೇ ಇಲ್ಲ. ಆಮೇಲೆ ಮನೆಯಲ್ಲೇ ಕುಳಿತು ಹಲವು ಭಾಷೆ ಕಲಿತರು. ಈಜಿಪ್ತಿನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳನ್ನು ಹುಡುಕಿದರು.

ನಾನು ಅರಬ್ಬಿ ವ್ಯಾಕರಣ ಹಿಡಿದದ್ದು ನಿವೃತ್ತಿಯ ನಂತರ. ಚಿಕ್ಕಂದಿನಿಂದ ಓದುತ್ತಿದ್ದೆ, ಅರ್ಥ ತಿಳಿಯುತ್ತಿರಲಿಲ್ಲ. ಕಿತಾಬ್, ಕಾತಿಬ್, ಮಕ್ತಬ್ ಮೂರಕ್ಕೂ ಕ-ತ-ಬ ಒಂದೇ ಬೇರು ಎಂದು ಗೊತ್ತಾದ ದಿನ ಊಟದ ನೆನಪೂ ಆಗಲಿಲ್ಲ. ಕ್ರಿಯಾಪದದಲ್ಲಿ ಇನ್ನೂ ಎಡವುತ್ತೇನೆ, ಮೊಮ್ಮಗಳು ತಿದ್ದುತ್ತಾಳೆ.

ಟ್ರಸ್ಟಿನ ಹಿರಿಯರಲ್ಲಿ ಒಂದು ಬೇಡಿಕೆ: ವಿದ್ಯಾರ್ಥಿವೇತನದಲ್ಲಿ ಭಾಷೆ ಕಲಿಯುವ ದೊಡ್ಡವರಿಗೂ ಪಾಲಿಡಿ. ದಿನವಿಡೀ ಮಗ್ಗ ನಡೆಸಿ ಸಂಜೆ ಪಾಠಕ್ಕೆ ಕೂಡುವವನಿಗೆ ಒಂದು ನಿಘಂಟಿನ ಬೆಲೆಯೂ ಭಾರ.